ಕಪ್ಪತಗುಡ್ಡ: ಬಯಲುಸೀಮೆಯ ಗಿರಿ, ಮಳೆಗಾಲದ ಝರಿ

ಜಲಪಾತ ಎಂದೊಡನೆ ಕನ್ನಡಿಗರ ಕಣ್ಣೆದುರು ನಿಲ್ಲುವುದು ಮಲೆನಾಡು. ಜೋಗ, ಉಂಚಳ್ಳಿ, ಮಾಗೋಡು, ಹೆಬ್ಬೆ ಎಲ್ಲವೂ ಸಹ್ಯಾದ್ರಿಯ ಮಡಿಲಿನವು. ಬಯಲುಸೀಮೆಯ ಗದಗ ಜಿಲ್ಲೆಯ ಹೆಸರು ಈ ಪಟ್ಟಿಯಲ್ಲಿ ಸೇರುವುದಿಲ್ಲ. ಎರೆ ನೆಲ, ಜೋಳ, ಕಡಲೆ, ಶೇಂಗಾ ಹಾಗೂ ಮೆಣಸಿನಕಾಯಿಯ ಈ ನಾಡಿನಲ್ಲಿ ನೀರು ಎತ್ತರದಿಂದ ಧುಮುಕುವುದಕ್ಕಿಂತ ಪಾತಾಳದಿಂದ ಮೇಲೆ ಬರುವುದೇ ಹೆಚ್ಚು. ಆದರೂ ಗದಗ, ಮುಂಡರಗಿ ಮತ್ತು ಶಿರಹಟ್ಟಿ ತಾಲ್ಲೂಕುಗಳನ್ನು ಬೆಸೆದು ನಿಂತಿರುವ ಕಪ್ಪತಗುಡ್ಡ ಮಳೆಗಾಲದಲ್ಲಿ ಬೇರೆಯೇ ರೂಪ ತಾಳುತ್ತದೆ. ಒಳ್ಳೆಯ ಮಳೆ ಬಿದ್ದ ದಿನ ಅದರ ಕೊರಕಲುಗಳಲ್ಲಿ ಹೆಸರಿಲ್ಲದ ಝರಿಗಳು ಬಂಡೆಯಿಂದ ಬಂಡೆಗೆ ಹಾರಿ ಇಳಿಯುತ್ತವೆ. ಕೆಲವು ಗಂಟೆಗಳಲ್ಲಿಯೋ ಕೆಲವು ದಿನಗಳಲ್ಲಿಯೋ ಅವು ಮರೆಯಾಗುತ್ತವೆ. ಆ ನೀರು ಎಲ್ಲಿ ಹೋಗುತ್ತದೆ ಎಂಬುದರಲ್ಲಿ ಸುತ್ತಲಿನ ಹಳ್ಳಿಗಳ ಬದುಕು ಅಡಗಿದೆ.

ಎಪ್ಪತ್ತು ಗಿರಿ ನೋಡುವುದಕ್ಕಿಂತ ಒಂದು ಕಪ್ಪತಗಿರಿ ನೋಡುವುದು ಲೇಸು ಎಂಬುದು ಈ ಭಾಗದ ಜನಜನಿತ ಗಾದೆ. ಸಹ್ಯಾದ್ರಿಯ ಶಿಖರಗಳನ್ನು ಕಂಡವರಿಗೆ ಇದು ಅತಿಶಯೋಕ್ತಿ ಎನಿಸಬಹುದು. ಆದರೆ ಸುತ್ತ ಎತ್ತ ನೋಡಿದರೂ ಸಮತಟ್ಟಾದ ಹೊಲಗಳೇ ಕಾಣುವ ಸೀಮೆಯಲ್ಲಿ ಒಮ್ಮೆಲೇ ಎದ್ದು ನಿಂತ ಗಿರಿಸಾಲು ಜನರ ಮನಸ್ಸಿನಲ್ಲಿ ಪಡೆದಿರುವ ಸ್ಥಾನವನ್ನು ಈ ಗಾದೆ ಸರಿಯಾಗಿಯೇ ಹೇಳುತ್ತದೆ.

ಎಲ್ಲಿಂದ ಎಲ್ಲಿಯವರೆಗೆ?

ಗದಗ ನಗರಕ್ಕೆ ಹತ್ತಿರದ ಬಿಂಕದಕಟ್ಟಿಯಿಂದ ಆರಂಭವಾಗುವ ಈ ಗಿರಿಶ್ರೇಣಿ ಆಗ್ನೇಯ ದಿಕ್ಕಿಗೆ ಸಾಗಿ ತುಂಗಭದ್ರಾ ತೀರದ ಸಿಂಗಟಾಲೂರಿನಲ್ಲಿ ಕೊನೆಗೊಳ್ಳುತ್ತದೆ. ಇದರ ಉದ್ದ ಸುಮಾರು 63 ಕಿ.ಮೀ. ಎಂದು ಗಣಿಸಲಾಗಿದೆ. ಸುತ್ತಲಿನ ಬಯಲಿನಿಂದ ಸುಮಾರು ಸಾವಿರ ಅಡಿ ಮೇಲೇಳುವ ಇಲ್ಲಿನ ಗುಡ್ಡಗಳು ಒಂದರ ಹಿಂದೊಂದು ಅಲೆಗಳಂತೆ ಸಾಲುಗಟ್ಟಿವೆ. ಎರಡು ಗುಡ್ಡಗಳ ನಡುವಿನ ಕಣಿವೆಗಳಲ್ಲಿ ಹುಟ್ಟುವ ಹಳ್ಳಗಳು ತಗ್ಗಿನ ಊರುಗಳತ್ತ ಇಳಿಯುತ್ತವೆ. ದಕ್ಷಿಣ ಮತ್ತು ಪೂರ್ವದ ಹಳ್ಳಗಳ ನೀರು ಕಟ್ಟಕಡೆಗೆ ಸೇರುವುದು ತುಂಗಭದ್ರೆಯನ್ನು.

ಹತ್ತೊಂಬತ್ತನೆಯ ಶತಮಾನದ ಬರಹಗಳಲ್ಲಿ ಈ ಸಾಲಿಗೆ ದಂಬಳದ ಗುಡ್ಡಗಳು ಎಂಬ ಹೆಸರೂ ಇತ್ತು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇಲ್ಲಿನ ಚಿನ್ನದ ಶಿಲೆಗಳ ಬಗ್ಗೆ 1874ರಲ್ಲಿಯೇ ಬರೆದಿದ್ದರು. ಮಳೆಗಾಲದ ನಂತರ ಸೊರಟೂರು, ಡೋಣಿ ಕಡೆಯ ಹಳ್ಳಗಳ ಮರಳನ್ನು ತೊಳೆದು ಚಿನ್ನದ ಕಣಗಳನ್ನು ಹೆಕ್ಕುವ ಜಲಗಾರರ ಕಸುಬು ಆಗ ಜೀವಂತವಾಗಿತ್ತು. ಗುಡ್ಡದ ಶಿಲೆಯನ್ನು ಮಳೆನೀರು ಸವೆಸಿ, ಹಗುರವಾದ ಮಣ್ಣನ್ನು ದೂರ ಒಯ್ದು, ಭಾರವಾದ ಕಣಗಳನ್ನು ಹಳ್ಳದ ತಿರುವುಗಳಲ್ಲಿ ಬಿಟ್ಟು ಹೋಗುತ್ತದೆ. ಜಲಗಾರರು ಈ ಸಹಜ ಕ್ರಿಯೆಯನ್ನೇ ನಂಬಿದ್ದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಂಪನಿಗಳೂ ಇಲ್ಲಿ ಚಿನ್ನದ ಗಣಿ ತೋಡಿದವು, ಆದರೆ ಬಹುಕಾಲ ಉಳಿಯಲಿಲ್ಲ. ಅತ್ತಿಕಟ್ಟಿ, ಕಬಲಾಯತಕಟ್ಟಿ ಪರಿಸರ ಆ ಹಳೆಯ ಗಣಿಗಳಿಗೆ ಹೆಸರಾದುದು.

ಗದಗ ಶಿಸ್ಟ್ ಪಟ್ಟಿ ಎಂದು ಭೂವಿಜ್ಞಾನಿಗಳು ಕರೆಯುವ ಇಲ್ಲಿನ ಶಿಲೆಗಳು ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹಳೆಯವು. ಪುರಾತನ ಲಾವಾ ಗಟ್ಟಿಯಾಗಿ ರೂಪಾಂತರಗೊಂಡ ಹಸಿರು ಛಾಯೆಯ ಕಲ್ಲು, ಕಬ್ಬಿಣದ ಪಟ್ಟೆಗಳುಳ್ಳ ಕೆಂಪು ಕಲ್ಲು, ಅಲ್ಲಲ್ಲಿ ಬಿಳಿಯ ಬೆಣಚುಕಲ್ಲು ಇಲ್ಲಿ ಕಾಣಸಿಗುತ್ತವೆ. ಗಟ್ಟಿಯಾದ ಪಟ್ಟೆ ಉಳಿದು ಮೆದುವಾದ ಪದರು ಸವೆದ ಕಡೆ ಮೆಟ್ಟಿಲುಗಳು ಮೂಡುತ್ತವೆ. ಮಳೆಗಾಲದ ಝರಿಗಳು ಇಳಿಯುವುದು ಇಂಥ ಮೆಟ್ಟಿಲುಗಳ ಮೇಲೆಯೇ.

ಝರಿಯ ಆಯುಸ್ಸು

ಜೋಗದಲ್ಲಿ ಶರಾವತಿ ನದಿ 253 ಮೀಟರ್ ಎತ್ತರದಿಂದ ಬೀಳುತ್ತದೆ. ಗದಗಿನವರಿಗೆ ಅದಕ್ಕಿಂತ ಸಮೀಪವಾದ ಗೋಕಾಕದಲ್ಲಿ ಘಟಪ್ರಭಾ ನದಿ ಸುಮಾರು 52 ಮೀಟರ್ ಕೆಳಕ್ಕೆ ಧುಮುಕುತ್ತದೆ. ಎರಡರ ಹಿಂದೆಯೂ ದೊಡ್ಡ ನದಿಯಿದೆ, ಆ ನದಿಯ ಹಿಂದೆ ಸಹ್ಯಾದ್ರಿಯ ಮಳೆಯಿದೆ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್‌ಗೂ ಹೆಚ್ಚು ಮಳೆ ಬಿದ್ದರೆ ಗದಗ ಸೀಮೆಯ ಪಾಲಿಗೆ ದೊರೆಯುವುದು ಸುಮಾರು 600 ಮಿಲಿಮೀಟರ್ ಮಾತ್ರ. ಮಲೆನಾಡಿನಲ್ಲಿ ಜೂನ್, ಜುಲೈ ತಿಂಗಳುಗಳು ಮಳೆಯ ಉಚ್ಛ್ರಾಯ ಕಾಲವಾದರೆ ಇಲ್ಲಿ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳ ಗುಡುಗು ಸಹಿತ ಮಳೆಯೇ ಮುಖ್ಯ.

ಕಪ್ಪತಗುಡ್ಡದ ಝರಿಯ ಹಿಂದೆ ನದಿ ಇಲ್ಲ. ಒಂದೆರಡು ಗುಡ್ಡಗಳ ಇಳಿಜಾರೇ ಅದರ ಇಡೀ ಜಲಾನಯನ ಪ್ರದೇಶ. ಆದಕಾರಣ ಮಳೆ ಸುರಿದ ಅಲ್ಪಕಾಲದಲ್ಲಿಯೇ ನೀರು ಉಕ್ಕಿ ಬರುತ್ತದೆ, ಅಷ್ಟೇ ಬೇಗ ಇಳಿಯುತ್ತದೆ. ಆದರೆ ಹುಲ್ಲು ಮತ್ತು ಪೊದೆ ದಟ್ಟವಾಗಿರುವ ಇಳಿಜಾರಿನಲ್ಲಿ ಈ ಕತೆ ಸ್ವಲ್ಪ ಬದಲಾಗುತ್ತದೆ. ಮಳೆಹನಿಯ ಹೊಡೆತವನ್ನು ಹುಲ್ಲು ತಡೆಯುತ್ತದೆ. ಬೇರು ಹಿಡಿದಿಟ್ಟ ಮಣ್ಣು ನೀರನ್ನು ಕುಡಿಯುತ್ತದೆ. ಕಲ್ಲಿನ ಬಿರುಕುಗಳಿಗೆ ಇಳಿದ ನೀರು ದಿನಗಟ್ಟಲೆ ಜಿನುಗುತ್ತದೆ. ಬೋಳು ಗುಡ್ಡದ ಝರಿ ಕೆಂಪಗೆ ಹರಿದು ಸಂಜೆಗೆ ಒಣಗಿದರೆ, ಹುಲ್ಲು ಹೊದ್ದ ಗುಡ್ಡದ ಝರಿ ತಿಳಿಯಾಗಿ ವಾರ ಕಾಲ ಹರಿಯಬಲ್ಲದು.

ಒಂದು ಸರಳ ಲೆಕ್ಕ ಇಲ್ಲಿ ಉಪಯುಕ್ತ. ಒಂದು ಚದರ ಕಿಲೋಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಹತ್ತು ಲಕ್ಷ ಲೀಟರ್ ನೀರು. 244 ಚದರ ಕಿ.ಮೀ. ವಿಸ್ತಾರದ ಕಪ್ಪತಗುಡ್ಡ ವನ್ಯಜೀವಿ ಧಾಮದ ಮೇಲೆ ವರ್ಷಕ್ಕೆ 600 ಮಿಲಿಮೀಟರ್ ಮಳೆ ಸುರಿದರೆ ಒಟ್ಟು ಪ್ರಮಾಣ ಸುಮಾರು ಐದು ಟಿಎಂಸಿ ಅಡಿ ಆಗುತ್ತದೆ. ಇದರಲ್ಲಿ ಬಹುಪಾಲು ಆವಿಯಾಗಿ ಮೇಲೇರುತ್ತದೆ, ಗಿಡಮರಗಳು ಒಂದಿಷ್ಟನ್ನು ಬಳಸಿಕೊಳ್ಳುತ್ತವೆ. ಉಳಿದ ಪಾಲು ಹಳ್ಳ, ಕೆರೆ, ಬಾವಿ ಹಾಗೂ ಕೊಳವೆಬಾವಿಗಳಿಗೆ ಸೇರಬೇಕು. ಗುಡ್ಡದ ಪೂರ್ವ ತಪ್ಪಲಿನಲ್ಲಿರುವ ದಂಬಳದ ವಿಶಾಲ ಕೆರೆ ತುಂಬುವುದು ಈ ಗುಡ್ಡದ ನೀರಿನಿಂದಲೇ. ಗುಡ್ಡದ ಮೇಲೆ ಝರಿ ಎಷ್ಟು ದಿನ ಹರಿಯಿತು ಎಂಬುದು ಪ್ರವಾಸಿಗನಿಗೆ ಸೊಬಗಿನ ವಿಷಯ. ತಪ್ಪಲಿನ ರೈತನಿಗೆ ಅದು ಬೇಸಿಗೆಯಲ್ಲಿ ಬಾವಿಯ ನೀರು ಎಷ್ಟು ಅಡಿ ಉಳಿಯುತ್ತದೆ ಎಂಬ ಪ್ರಶ್ನೆ.

ಹತ್ತುವ ಹಾದಿ

ಗುಡ್ಡಕ್ಕೆ ಹಲವು ಕಡೆಗಳಿಂದ ಹಾದಿಗಳಿವೆ. ಹೆಚ್ಚು ಬಳಕೆಯಲ್ಲಿರುವುದು ಗದಗದಿಂದ ಸುಮಾರು 20 ಕಿ.ಮೀ. ದೂರದ ದಂಬಳ ತಲುಪಿ, ಅಲ್ಲಿಂದ ಮುಂಡರಗಿ ತಾಲ್ಲೂಕಿನ ಡೋಣಿ ಗ್ರಾಮದ ಮೂಲಕ ಏರುವ ದಾರಿ. ಗುಡ್ಡದ ಮಡಿಲಿನಲ್ಲಿರುವ ನಂದಿವೇರಿ ಮಠ ಈ ಭಾಗದಲ್ಲಿಯೇ ಇದ್ದು, ಔಷಧೀಯ ಸಸ್ಯಗಳ ರಕ್ಷಣೆಗೆ ಹೆಸರಾಗಿದೆ. ಶಿರಹಟ್ಟಿ, ಲಕ್ಷ್ಮೇಶ್ವರ ಕಡೆಯಿಂದ ಬರುವವರಿಗೆ ಕಡಕೋಳ ಗ್ರಾಮದ ಮಾರ್ಗ ಅನುಕೂಲಕರ. ಕಪ್ಪತ ಮಲ್ಲೇಶ್ವರ ದೇವಾಲಯದ ಭಕ್ತರು ತಲೆಮಾರುಗಳಿಂದ ನಡೆದು ಸವೆಸಿದ ಹಾದಿಗಳಿವು.

ಗಾಳಿಗುಂಡಿ ಬಸವಣ್ಣನ ನೆಲೆ ಗುಡ್ಡದ ಪ್ರಮುಖ ಎತ್ತರದ ತಾಣ. ಹೆಸರೇ ಹೇಳುವಂತೆ ಇಲ್ಲಿ ಗಾಳಿಯದೇ ಆಳ್ವಿಕೆ. ಮುಂಗಾರಿನ ತಿಂಗಳುಗಳಲ್ಲಿ ಪಶ್ಚಿಮದಿಂದ ಬಯಲಿನ ಮೇಲೆ ತಡೆಯಿಲ್ಲದೆ ಬೀಸಿಬರುವ ಗಾಳಿ ಗುಡ್ಡಕ್ಕೆ ಬಡಿದು ಮೇಲೇರುವಾಗ ನಿಂತವರ ಮೈ ಓಲಾಡುತ್ತದೆ. ಈ ಭಾಗದ ಗುಡ್ಡಗಳ ನೆತ್ತಿಯಲ್ಲಿ ಗಾಳಿಯಂತ್ರಗಳು ತಲೆಯೆತ್ತಿರುವುದಕ್ಕೂ ಇದೇ ಕಾರಣ. ಮೋಡ ಸರಿದಾಗ ಒಂದು ಬದಿಗೆ ಹಸಿರು ಕಣಿವೆಗಳು, ಇನ್ನೊಂದು ಬದಿಗೆ ಹೆಸರು, ಶೇಂಗಾ, ಜೋಳದ ಹೊಲಗಳ ಚೌಕಗಳು, ನಡುನಡುವೆ ಕೆರೆಗಳು ಕಾಣುತ್ತವೆ.

ಜುಲೈನಿಂದ ನವೆಂಬರ್‌ವರೆಗಿನ ಅವಧಿ ಭೇಟಿಗೆ ಸೂಕ್ತ. ಗುಡ್ಡ ಹಸಿರಾಗಿ, ತಂಗಾಳಿ ಬೀಸುವ ದಿನಗಳಿಗೆ ಜುಲೈ, ಆಗಸ್ಟ್. ಝರಿ ನೋಡುವ ಆಸೆಯಿದ್ದರೆ ಸೆಪ್ಟೆಂಬರ್, ಅಕ್ಟೋಬರ್. ಮಳೆ ಬಿದ್ದ ಮರುದಿನ ಬೆಳಿಗ್ಗೆಯೇ ಹೊರಡುವುದು ಒಳ್ಳೆಯದು. ಈ ತಿಂಗಳುಗಳಲ್ಲಿ ಮೋಡ ಕಟ್ಟುವುದು ಸಾಮಾನ್ಯವಾಗಿ ಮಧ್ಯಾಹ್ನದ ನಂತರ. ಬೆಳಗಿನ ಹೊತ್ತು ಹತ್ತಿ, ಮಧ್ಯಾಹ್ನದೊಳಗೆ ಇಳಿದರೆ ಸಿಡಿಲಿನ ಭಯವೂ ಕಡಿಮೆ.

ಏರುವವರಿಗೆ ಎಚ್ಚರಿಕೆ

ಕಿರಿದಾದ ಝರಿ ಎಂಬ ಕಾರಣಕ್ಕೆ ಅದರ ಬಂಡೆಯನ್ನೇ ಹಿಡಿದು ಮೇಲೇರಲು ಯುವಕರು ಮುಂದಾಗುವುದುಂಟು. ಇದು ಅಪಾಯಕರ. ವರ್ಷದ ಬಹುಪಾಲು ಒಣಗಿರುವ ಕಲ್ಲಿನ ಮೇಲೆ ಮಳೆಗಾಲದಲ್ಲಿ ತೆಳುವಾದ ಪಾಚಿ ಹಬ್ಬುತ್ತದೆ. ಅದು ಕಣ್ಣಿಗೆ ಕಾಣುವುದಕ್ಕಿಂತ ಮೊದಲು ಕಾಲಿಗೆ ತಿಳಿಯುತ್ತದೆ. ಪದರುಪದರಾದ ಕಲ್ಲು ಕೈಗೆ ಗಟ್ಟಿಯಾಗಿ ತೋರಿದರೂ ಭಾರ ಬಿದ್ದಾಗ ಚಕ್ಕೆಯಾಗಿ ಕಳಚುತ್ತದೆ. ಆದ್ದರಿಂದ ಝರಿಯ ಪಕ್ಕದ ಹುಲ್ಲಿನ ಏಣಿನ ಮೇಲಿರುವ ಕಾಲುಹಾದಿಯಲ್ಲಿಯೇ ಏರಬೇಕು. ನೀರಿನ ಹಾದಿಯನ್ನು ನೀರಿಗೇ ಬಿಡುವುದು ಲೇಸು.

ಜಲಾನಯನ ಚಿಕ್ಕದಾದಷ್ಟೂ ಪ್ರವಾಹ ಬರುವ ವೇಗ ಹೆಚ್ಚು. ತಲೆಯ ಮೇಲೆ ಬಿಸಿಲಿದ್ದು, ಹಿಂದಿನ ಗುಡ್ಡದ ಮೇಲೆ ಮಳೆ ಸುರಿದರೂ ಹಳ್ಳಕ್ಕೆ ನೀರು ನುಗ್ಗಬಹುದು. ತಿಳಿನೀರು ಒಮ್ಮೆಲೇ ಕೆಂಪಾಗುವುದು, ಕಸಕಡ್ಡಿ ಮತ್ತು ನೊರೆ ತೇಲಿ ಬರುವುದು, ಮೇಲಿನಿಂದ ಮೊರೆತದ ಸದ್ದು ಕೇಳುವುದು ಅದರ ಮುನ್ಸೂಚನೆಗಳು. ಇವುಗಳಲ್ಲಿ ಒಂದು ಕಂಡರೂ ಸಾಮಾನು ಸರಂಜಾಮಿಗಾಗಿ ಕಾಯದೆ ಎರಡೂ ಬದಿಯ ಎತ್ತರಕ್ಕೆ ಸರಿಯಬೇಕು. ಹಳ್ಳದ ಮಡುವಿನಲ್ಲಿ ಈಜುವುದು, ಝರಿಯ ತುದಿಯಲ್ಲಿ ನಿಂತು ಛಾಯಾಚಿತ್ರ ತೆಗೆಸಿಕೊಳ್ಳುವುದು ಸಲ್ಲದು. ಗುಡುಗು ಕೇಳಿಸಿದಾಗ ಬೋಳು ನೆತ್ತಿ, ಒಂಟಿ ಮರ ಹಾಗೂ ಗಾಳಿಯಂತ್ರದ ಬುಡದಿಂದ ದೂರವಿರಬೇಕು.

ಗುಡ್ಡದ ಮೇಲೆ ಅಂಗಡಿ, ಹೋಟೆಲುಗಳಿಲ್ಲ. ಕುಡಿಯುವ ನೀರು ಹಾಗೂ ಬುತ್ತಿಯನ್ನು ಕೆಳಗಿನಿಂದಲೇ ಒಯ್ಯಬೇಕು. ಹಿಡಿತವುಳ್ಳ ಬೂಟು ಇರಲಿ. ದಾರಿ ತಿಳಿದ ಸ್ಥಳೀಯರನ್ನು ಜೊತೆಗೆ ಕರೆದೊಯ್ಯುವುದು ಉತ್ತಮ, ಏಕೆಂದರೆ ಮಂಜು ಕವಿದಾಗ ಒಂದನ್ನೊಂದು ಹೋಲುವ ಗುಡ್ಡಗಳ ನಡುವೆ ದಿಕ್ಕು ತಪ್ಪುವುದು ಸುಲಭ. ಇದು ವನ್ಯಜೀವಿ ಧಾಮವಾಗಿರುವುದರಿಂದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇಲ್ಲಿಗೆ ಅನ್ವಯಿಸುತ್ತದೆ. ಹೊರಡುವ ಮುನ್ನ ಅರಣ್ಯ ಇಲಾಖೆಯಿಂದ ಅನುಮತಿಯ ವಿಚಾರ ತಿಳಿದುಕೊಳ್ಳುವುದು ಅಗತ್ಯ.

ಹುಲ್ಲು, ಔಷಧಿ, ತೋಳ

ಕಪ್ಪತಗುಡ್ಡವನ್ನು ಕಾಡು ಎಂದು ಊಹಿಸಿ ಬಂದವರಿಗೆ ಮೊದಲ ನೋಟಕ್ಕೆ ನಿರಾಶೆಯಾಗಬಹುದು. ಮಲೆನಾಡಿನ ಮುಗಿಲೆತ್ತರದ ಮರಗಳು ಇಲ್ಲಿಲ್ಲ. ಕುರುಚಲು ಪೊದೆ, ಅಲ್ಲಲ್ಲಿ ಮುತ್ತುಗ, ನೆಲ್ಲಿ, ದಿಂಡಿಗ, ಎಲ್ಲೆಲ್ಲೂ ಆಳೆತ್ತರದ ಬಾದೆ ಹುಲ್ಲು. ಈ ಕುರುಚಲಿನಲ್ಲಿಯೇ ಅಮೃತಬಳ್ಳಿ, ಶತಾವರಿ, ಮಧುನಾಶಿನಿ ಮೊದಲಾದ ನೂರಾರು ಬಗೆಯ ಔಷಧೀಯ ಸಸ್ಯಗಳು ಬೆಳೆಯುತ್ತವೆ. ನಾಟಿ ವೈದ್ಯರು ಬಹುಕಾಲದಿಂದ ಈ ಗುಡ್ಡವನ್ನೇ ತಮ್ಮ ಔಷಧಾಲಯವೆಂದು ತಿಳಿದಿದ್ದಾರೆ. ಬಯಲಿನ ಪ್ರಾಣಿಗಳಾದ ತೋಳ, ಕತ್ತೆಕಿರುಬ, ನರಿ ಹಾಗೂ ಚಿರತೆ, ಕೊಂಡಕುರಿ, ಮುಳ್ಳುಹಂದಿ, ನವಿಲುಗಳಿಗೆ ಇದು ನೆಲೆ. ದಟ್ಟಾರಣ್ಯವನ್ನು ಬಯಸದ, ಹುಲ್ಲುಗಾವಲನ್ನೇ ನಂಬಿದ ತೋಳ ಮತ್ತು ಕತ್ತೆಕಿರುಬಗಳಿಗೆ ರಾಜ್ಯದಲ್ಲಿ ಉಳಿದಿರುವ ಸುರಕ್ಷಿತ ತಾಣಗಳು ಹೆಚ್ಚಿಲ್ಲ.

ಮಳೆಗಾಲದಲ್ಲಿ ನೀರನ್ನು ಹಿಡಿದಿಡುವ ಈ ಬಾದೆ ಹುಲ್ಲೇ ಬೇಸಿಗೆಯಲ್ಲಿ ಬೆಂಕಿಗೆ ಆಹಾರವಾಗುತ್ತದೆ. ಜನವರಿಯ ನಂತರ ಒಣಗಿ ನಿಂತ ಹುಲ್ಲಿಗೆ ಒಂದು ಬೀಡಿಯ ಕಿಡಿ ಸಾಕು. ಇಲ್ಲಿನ ಗಾಳಿ ಬೆಂಕಿಯನ್ನು ಒಂದು ಗುಡ್ಡದಿಂದ ಇನ್ನೊಂದಕ್ಕೆ ಕ್ಷಣಾರ್ಧದಲ್ಲಿ ದಾಟಿಸುತ್ತದೆ. ಪದೇಪದೇ ಸುಟ್ಟ ಇಳಿಜಾರಿನಲ್ಲಿ ಎಳೆಯ ಸಸಿಗಳು ಉಳಿಯುವುದಿಲ್ಲ. ಮುಂದಿನ ಮಳೆಗೆ ಬೂದಿಯೊಡನೆ ಮೇಲ್ಮಣ್ಣೂ ಕೊಚ್ಚಿಹೋಗುತ್ತದೆ, ಕೆರೆಯಲ್ಲಿ ಹೂಳು ಸೇರುತ್ತದೆ. ಬೇಸಿಗೆಯ ಬೆಂಕಿ ಹಾಗೂ ಮಳೆಗಾಲದ ಝರಿ ಹೀಗೆ ಒಂದೇ ಸರಪಳಿಯ ಎರಡು ಕೊಂಡಿಗಳಾಗಿವೆ.

ಉಳಿವಿನ ಹೋರಾಟ

ಗುಡ್ಡದ ಒಡಲಿನಲ್ಲಿರುವ ಕಬ್ಬಿಣ, ಮ್ಯಾಂಗನೀಸ್ ಹಾಗೂ ಚಿನ್ನದ ಮೇಲೆ ಉದ್ಯಮಗಳ ಕಣ್ಣು ಹಿಂದಿನಿಂದಲೂ ಇದೆ. ದಕ್ಷಿಣ ಕೊರಿಯಾದ ಪೋಸ್ಕೊ ಕಂಪನಿಯ ಉಕ್ಕಿನ ಕಾರ್ಖಾನೆಗಾಗಿ ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿ ಪ್ರದೇಶದಲ್ಲಿ ಭೂಸ್ವಾಧೀನಕ್ಕೆ ಸರ್ಕಾರ ಮುಂದಾದಾಗ, 2011ರಲ್ಲಿ ಗದಗ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ ನೇತೃತ್ವದಲ್ಲಿ ರೈತರು ಬೀದಿಗಿಳಿದರು. ಭೂಸ್ವಾಧೀನ ನಿಂತಿತು. 2013ರಲ್ಲಿ ಕಂಪನಿ ಕರ್ನಾಟಕದ ಯೋಜನೆಯಿಂದಲೇ ಹಿಂದೆ ಸರಿಯಿತು.

2015ರ ಡಿಸೆಂಬರ್‌ನಲ್ಲಿ ಗುಡ್ಡದ 17,872 ಹೆಕ್ಟೇರ್ ಪ್ರದೇಶವನ್ನು ಸಂರಕ್ಷಿತ ಮೀಸಲು ಪ್ರದೇಶವೆಂದು ರಾಜ್ಯ ಸರ್ಕಾರ ಘೋಷಿಸಿತು. ವರ್ಷ ತುಂಬುವ ಮೊದಲೇ, 2016ರ ನವೆಂಬರ್‌ನಲ್ಲಿ, ಆ ಆದೇಶವನ್ನು ಹಿಂಪಡೆಯಲಾಯಿತು. ಇದರ ವಿರುದ್ಧ ಮಠಾಧೀಶರು, ರೈತರು, ಪರಿಸರಪ್ರಿಯರು, ವಿದ್ಯಾರ್ಥಿಗಳು ಒಂದಾದರು. 2017ರ ಫೆಬ್ರವರಿಯಲ್ಲಿ ಗದಗಿನಲ್ಲಿ ನಡೆದ ಧರಣಿ ರಾಜ್ಯದ ಗಮನ ಸೆಳೆಯಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಸರ್ಕಾರ ಮೀಸಲು ಸ್ಥಾನಮಾನವನ್ನು ಮರಳಿ ನೀಡಿತು.

2019ರ ಮೇ ತಿಂಗಳಿನಲ್ಲಿ 244.15 ಚದರ ಕಿ.ಮೀ. ಪ್ರದೇಶ ಕಪ್ಪತಗುಡ್ಡ ವನ್ಯಜೀವಿ ಧಾಮವಾಯಿತು. ಹೋರಾಟದ ಮುಂಚೂಣಿಯಲ್ಲಿದ್ದ ಸಿದ್ಧಲಿಂಗ ಸ್ವಾಮೀಜಿ ಈ ದಿನವನ್ನು ಕಾಣಲಿಲ್ಲ. ಅವರು 2018ರ ಅಕ್ಟೋಬರ್‌ನಲ್ಲಿ ಲಿಂಗೈಕ್ಯರಾಗಿದ್ದರು. ಧಾಮವೆಂಬ ಘೋಷಣೆಯೊಂದಿಗೆ ಎಲ್ಲವೂ ಮುಗಿಯಲಿಲ್ಲ. ಗಡಿಯಂಚಿನಲ್ಲಿ ಗಣಿ, ಕಲ್ಲುಗಣಿಗಳಿಗೆ ಅನುಮತಿ ಕೋರಿದ ಪ್ರಸ್ತಾವಗಳು ಮತ್ತೆ ಮತ್ತೆ ಬಂದವು. 2024ರ ಅಕ್ಟೋಬರ್‌ನಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಇಂಥ ಪ್ರಸ್ತಾವಗಳನ್ನು ತಿರಸ್ಕರಿಸಿತು. ಜಲಗಾರರು ಹಳ್ಳ ಕೊಟ್ಟಷ್ಟನ್ನು ಪಡೆದು ಹಳ್ಳವನ್ನು ಉಳಿಸಿದ್ದರು. ಇಂದಿನ ಗಣಿಗಾರಿಕೆಯಲ್ಲಿ ಕಲ್ಲು ಅಗೆದು ತೆಗೆದರೆ ಝರಿಯ ಮೂಲವೇ ಇಲ್ಲವಾಗುತ್ತದೆ ಎಂಬುದು ಗುಡ್ಡದ ಪರ ನಿಂತವರ ವಾದ.

ಸುತ್ತಮುತ್ತ ಏನೇನಿದೆ?

ಗುಡ್ಡಕ್ಕೆ ಬಂದವರು ದಂಬಳದಲ್ಲಿ ಇಳಿಯದೆ ಹೋಗಬಾರದು. ಹನ್ನೆರಡನೆಯ ಶತಮಾನದ ದೊಡ್ಡಬಸಪ್ಪ ದೇವಾಲಯ ನಕ್ಷತ್ರಾಕಾರದ ತಳವಿನ್ಯಾಸಕ್ಕೆ ಪ್ರಸಿದ್ಧ; ಅದರ ಗರ್ಭಗುಡಿಯ ಹೊರಗೋಡೆಯಲ್ಲಿ 24 ಕೋನಗಳ ಲೆಕ್ಕಾಚಾರ ಅಡಗಿದೆ. ಬೌದ್ಧರ ತಾರಾದೇವಿಯನ್ನು ಸ್ತುತಿಸುವ 1095ರ ಶಾಸನವೂ ಇದೇ ಊರಿನದು.

ಮುಂಡರಗಿ 1858ರಲ್ಲಿ ಬ್ರಿಟಿಷರ ವಿರುದ್ಧ ಬಂಡೆದ್ದ ಭೀಮರಾಯನ ಊರು. ಗಿರಿಸಾಲು ನದಿಗೆ ಇಳಿಯುವ ಸಿಂಗಟಾಲೂರಿನಲ್ಲಿ ವೀರಭದ್ರೇಶ್ವರ ದೇವಾಲಯವಿದೆ. ಶಿರಹಟ್ಟಿಯ ಫಕೀರೇಶ್ವರ ಮಠ ಹಿಂದೂ, ಮುಸ್ಲಿಂ ಭಾವೈಕ್ಯದ ಕೇಂದ್ರ. ಪ್ರಾಚೀನ ಕಾಲದ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ. ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ‘ಕವಿರಾಜಮಾರ್ಗ’ ಹೆಸರಿಸಿದ ನಾಲ್ಕು ಊರುಗಳಲ್ಲಿ ಇದೂ ಒಂದು. ಇಲ್ಲಿನ ಸೋಮೇಶ್ವರ ದೇವಾಲಯ ನೋಡತಕ್ಕದ್ದು. ಲಕ್ಷ್ಮೇಶ್ವರಕ್ಕೆ ಸಮೀಪದ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. 2024ರಲ್ಲಿ ಈ ಕೆರೆ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು.

ತಂಗಲು, ಊಟಕ್ಕೆ ಗದಗ-ಬೆಟಗೇರಿಯೇ ಅನುಕೂಲ. ರೈಲು ಹಾಗೂ ಬಸ್ ಸೌಕರ್ಯವಿರುವ ಈ ಅವಳಿ ನಗರದಲ್ಲಿ ಕುಮಾರವ್ಯಾಸನ ನೆನಪಿನ ವೀರನಾರಾಯಣ ದೇವಾಲಯ, ತ್ರಿಕೂಟೇಶ್ವರ ದೇವಾಲಯ, ಬೆಟಗೇರಿಯ ನೇಕಾರರ ಓಣಿಗಳನ್ನು ಒಂದೇ ದಿನದಲ್ಲಿ ನೋಡಬಹುದು. ಅವಳಿ ನಗರದವರಿಗೆ ಕಪ್ಪತಗುಡ್ಡ ಒಂದು ದಿನದ ಪ್ರವಾಸ. ಬೆಂಗಳೂರು, ಮಂಗಳೂರಿನಂಥ ದೂರದ ಊರುಗಳಿಂದ ಬರುವವರು ಎರಡು ದಿನ ಮೀಸಲಿಟ್ಟರೆ ಗುಡ್ಡ, ಗುಡಿ, ಕೆರೆ ಮೂರನ್ನೂ ಕಾಣಬಹುದು.

ಗುಡ್ಡ ಏರುವವರು ಒಯ್ದ ಪ್ಲಾಸ್ಟಿಕ್ ಚೀಲ, ಬಾಟಲಿಗಳನ್ನು ಮರಳಿ ತರಬೇಕು, ಎಲ್ಲಿಯೂ ಬೆಂಕಿ ಹೊತ್ತಿಸಬಾರದು, ಗಿಡಮೂಲಿಕೆ ಕೀಳಬಾರದು. ಝರಿಯಲ್ಲಿ ಎಸೆದ ಬಾಟಲಿ ಅಲ್ಲಿಯೇ ಉಳಿಯುವುದಿಲ್ಲ. ಮುಂದಿನ ಮಳೆಗೆ ಅದು ಹಳ್ಳ ಹಿಡಿದು ತಪ್ಪಲಿನ ಕೆರೆಯನ್ನು ಸೇರುತ್ತದೆ.